ನೇರಳೆ ಎಲೆಯ ಹೆಸರು ತಿಳಿಯದ ಗಿಡ: ಗುರುತಿಸುವುದು ಹೇಗೆ, ಬಾಯಿಗೆ ಹೋದರೆ ಏನು ಮಾಡಬೇಕು?

ಬಾಡಿಗೆ ಮನೆಯಲ್ಲಿ ಹಿಂದಿನವರು ಬಿಟ್ಟುಹೋದ ಕುಂಡ, ಪಕ್ಕದ ಫ್ಲ್ಯಾಟಿನವರು ಮುರಿದು ಕೊಟ್ಟ ಕಡ್ಡಿ, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದ ಗಿಡ. ಹೀಗೆ ಮನೆ ಸೇರುವ ಗಿಡಗಳಿಗೆ ಹೆಸರಿನ ಚೀಟಿ ಇರುವುದಿಲ್ಲ. ಅವುಗಳಲ್ಲಿ ನೇರಳೆ ಎಲೆಯ ಗಿಡಗಳು ಬಲು ಸಾಮಾನ್ಯ. ಬಿಸಿಲು ಕಡಿಮೆಯಿರುವ ಬಾಲ್ಕನಿಯಲ್ಲೂ ಬದುಕುತ್ತವೆ, ನೋಡಲು ಚೆಂದ, ಕಡ್ಡಿ ನೆಟ್ಟರೆ ಸಾಕು ಚಿಗುರುತ್ತವೆ.

ಇಂಥ ಗಿಡದ ಬಗ್ಗೆ ಔಷಧ ಅಂಗಡಿಯ ಕೌಂಟರಿಗೆ ಮುಖ್ಯವಾಗಿ ಎರಡು ಪ್ರಶ್ನೆಗಳು ಬರುತ್ತವೆ. ಒಂದು, "ಮಗು ಇದರ ಎಲೆ ಕಚ್ಚಿದೆ, ವಿಷವೇ?" ಇನ್ನೊಂದು, "ಇದನ್ನು ಶುಗರ್‌ಗೆ ತಿನ್ನಬಹುದಂತೆ, ನಿಜವೇ?" ಗಿಡ ಯಾವುದೆಂದು ತಿಳಿಯದೆ ಎರಡಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ. ಗಿಡವನ್ನು ಗುರುತಿಸುವ ಕ್ರಮ, ಗುರುತು ಸಿಗುವ ಮೊದಲೇ ಮಾಡಬೇಕಾದ ಪ್ರಥಮ ಚಿಕಿತ್ಸೆ, ಎಲೆಯನ್ನು ಔಷಧವಾಗಿ ಬಳಸುವವರು ತಿಳಿದಿರಬೇಕಾದ ಎಚ್ಚರಿಕೆ, ಈ ಮೂರೂ ಇಲ್ಲಿವೆ.

ಈಗಲೇ ಯಾರಾದರೂ ಎಲೆ ತಿಂದಿದ್ದರೆ ಮೊದಲು ಇದನ್ನು ಓದಿ

ಗಿಡದ ಹೆಸರು ಹುಡುಕುತ್ತಾ ಸಮಯ ಕಳೆಯಬೇಡಿ. ಈ ಕ್ರಮದಲ್ಲಿ ನಡೆದುಕೊಳ್ಳಿ.

1. ಬಾಯಲ್ಲಿ ಉಳಿದ ಎಲೆಯ ಚೂರುಗಳನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ತೆಗೆಯಿರಿ. ದೊಡ್ಡವರಾದರೆ ನೀರಿನಿಂದ ಬಾಯಿ ಮುಕ್ಕಳಿಸಲಿ.
2. ನುಂಗಲು ತೊಂದರೆ ಇಲ್ಲದಿದ್ದರೆ ಒಂದೆರಡು ಗುಟುಕು ತಣ್ಣೀರು ಕೊಡಿ. ಬಾಯಿ ಉರಿಯುತ್ತಿದ್ದರೆ ಒಂದೆರಡು ಚಮಚ ತಣ್ಣನೆಯ ಹಾಲು ಅಥವಾ ಮೊಸರು ಕೊಡಬಹುದು.
3. ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಎರಡೂ ಅಪಾಯ. ವಾಂತಿಯು ಶ್ವಾಸನಾಳಕ್ಕೆ ಹೋಗಬಹುದು.
4. ಚರ್ಮಕ್ಕೆ ರಸ ತಾಗಿದ್ದರೆ ಸೋಪು ಹಚ್ಚಿ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಕಣ್ಣು ಉಜ್ಜಬೇಡಿ.
5. ಗಿಡದ ಫೋಟೋ ತೆಗೆದುಕೊಳ್ಳಿ. ಕಚ್ಚಿದ ಎಲೆಯನ್ನೂ ಒಂದು ಚಿಕ್ಕ ಕೊಂಬೆಯನ್ನೂ ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳಿ. ವಾಂತಿಯಾಗಿದ್ದರೆ ಅದರಲ್ಲಿ ಎಲೆಯ ಚೂರು ಇತ್ತೇ ಎಂದು ನೋಡಿ.

ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು. ಉಚಿತ ಸಂಖ್ಯೆ 1800 116 117. ಕರೆ ಮಾಡುವಾಗ ವಯಸ್ಸು, ತೂಕ, ಎಷ್ಟು ತಿಂದಿರಬಹುದು, ಎಷ್ಟು ಹೊತ್ತಾಯಿತು, ಈಗ ಏನು ತೊಂದರೆ ಕಾಣುತ್ತಿದೆ, ದಿನವೂ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಹೇಳಿ.

ತುಟಿ ಅಥವಾ ನಾಲಿಗೆ ಊದಿದರೆ, ಜೊಲ್ಲು ನಿಲ್ಲದಿದ್ದರೆ, ದನಿ ಬದಲಾದರೆ, ಉಸಿರಾಟ ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ, ಮಂಪರು ಕವಿದರೆ, ಫಿಟ್ಸ್ ಬಂದರೆ ಫೋನ್ ಸಲಹೆಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಆಂಬುಲೆನ್ಸ್‌ಗೆ 108 ಅಥವಾ 112ಕ್ಕೆ ಕರೆ ಮಾಡಿ.

ಬಣ್ಣ ನೋಡಿ ವಿಷ ಎನ್ನಲಾಗದು

ಎಲೆ ನೇರಳೆಯಾಗಲು ಹೆಚ್ಚಿನ ಗಿಡಗಳಲ್ಲಿ ಆಂಥೋಸಯನಿನ್ ಎಂಬ ಬಣ್ಣದ ವಸ್ತು ಕಾರಣ. ನೇರಳೆ ಹಣ್ಣಿನಲ್ಲಿ, ಕೆಂಪು ಎಲೆಕೋಸಿನಲ್ಲಿ, ನೇರಳೆ ಬದನೆಕಾಯಿಯ ಸಿಪ್ಪೆಯಲ್ಲಿ ಇರುವುದೂ ಇದೇ ಗುಂಪಿನ ವಸ್ತು. ಕೆಂಪು ದಂಟು, ಬಸಳೆಯ ಕೆಂಪು ಬಳ್ಳಿ ಮುಂತಾದವುಗಳಲ್ಲಿ ಬಣ್ಣ ಕೊಡುವುದು ಬೀಟಲೇನ್ ಎಂಬ ಬೇರೆ ಗುಂಪು. ಬೀಟ್‌ರೂಟಿನ ಬಣ್ಣವೂ ಅದೇ. ನೇರಳೆ ಎಲೆಯಲ್ಲೂ ಹಸಿರು ಬಣ್ಣದ ಕ್ಲೋರೋಫಿಲ್ ಇರುತ್ತದೆ, ಮೇಲಿನ ಬಣ್ಣ ಅದನ್ನು ಮುಚ್ಚಿರುತ್ತದೆ ಅಷ್ಟೆ. ನೆರಳಿನಲ್ಲಿಟ್ಟ ಗಿಡ ಹಸಿರಿಗೆ ತಿರುಗುವುದನ್ನು ನೀವೂ ನೋಡಿರಬಹುದು.

ಈ ಬಣ್ಣದ ವಸ್ತುಗಳು ವಿಷವೂ ಅಲ್ಲ, ಔಷಧ ಗುಣದ ಗುರುತೂ ಅಲ್ಲ. ಕೃಷ್ಣ ತುಳಸಿಯ ಎಲೆ ನೇರಳೆ, ಅದನ್ನು ತಿನ್ನುತ್ತೇವೆ. ಕಣಗಿಲೆಯ ಎಲೆ ಅಚ್ಚ ಹಸಿರು, ಅದು ಹೃದಯದ ಬಡಿತವನ್ನೇ ಕೆಡಿಸುವ ವಿಷ. ಆದ್ದರಿಂದ "ಬಣ್ಣದ ಎಲೆ ಅಲ್ಲವೇ, ವಿಷವೇ ಇರಬೇಕು" ಎಂಬ ಭಯವೂ ಬೇಡ, "ನೇರಳೆ ಬಣ್ಣ ಒಳ್ಳೆಯದಂತೆ" ಎಂಬ ಧೈರ್ಯವೂ ಬೇಡ.

ಗುರುತು ಹಿಡಿಯಲು ನೋಡಬೇಕಾದ ಆರು ಸಂಗತಿಗಳು

ಒಂದೇ ಎಲೆಯ ಫೋಟೋ ಕಳಿಸಿದರೆ ಸಸ್ಯಶಾಸ್ತ್ರ ಓದಿದವರಿಗೂ ಕಷ್ಟ. ಈ ಆರನ್ನು ಗಮನಿಸಿ, ಫೋಟೋ ತೆಗೆಯುವಾಗಲೂ ಇವು ಕಾಣುವಂತೆ ತೆಗೆಯಿರಿ.

- ಎಲೆಯ ಎರಡು ಮುಖ. ಎರಡೂ ಕಡೆ ನೇರಳೆಯೇ, ಅಥವಾ ಮೇಲೆ ಹಸಿರು, ಅಡಿಯಲ್ಲಿ ಮಾತ್ರ ನೇರಳೆಯೇ? ಬೆಳ್ಳಿ ಬಣ್ಣದ ಪಟ್ಟೆ ಇದೆಯೇ?
- ಎಲೆಗಳ ಜೋಡಣೆ. ಕಾಂಡದ ಮೇಲೆ ಎದುರುಬದುರಾಗಿ ಇವೆಯೇ, ಒಂದು ಬಿಟ್ಟು ಒಂದು ಇವೆಯೇ, ಸುರುಳಿ ಮೆಟ್ಟಿಲಿನಂತೆ ಸುತ್ತಿವೆಯೇ, ಒಂದೇ ಗೆಣ್ಣಿನಿಂದ ಮೂರು ಹೊರಟಿವೆಯೇ?
- ಕಾಂಡ. ಬೆರಳಲ್ಲಿ ಹಿಡಿದು ಉರುಳಿಸಿದರೆ ದುಂಡಗಿದೆಯೇ, ನಾಲ್ಕು ಮೂಲೆ ಸಿಗುತ್ತದೆಯೇ? ತುಳಸಿ, ದೊಡ್ಡಪತ್ರೆ, ಕೋಲಿಯಸ್ ಇರುವ ಕುಟುಂಬದಲ್ಲಿ ಎಳೆಯ ಕಾಂಡ ಸಾಮಾನ್ಯವಾಗಿ ಚೌಕ.
- ಸೊನೆ. ಎಲೆ ಮುರಿದ ಜಾಗದಲ್ಲಿ ನೀರಿನಂಥ ರಸ ಬರುತ್ತದೆಯೇ, ಹಾಲಿನಂಥ ಬಿಳಿ ಸೊನೆ ಬರುತ್ತದೆಯೇ? ಕೈಗವಸು ಹಾಕಿಕೊಂಡು, ಮುಖದಿಂದ ದೂರ ಹಿಡಿದು ನೋಡಿ. ಬಿಳಿ ಸೊನೆ ಕಂಡರೆ ಅಲ್ಲಿಗೇ ನಿಲ್ಲಿಸಿ.
- ಹೂವು. ಹೂ ಬಿಟ್ಟಿದ್ದರೆ ಗುರುತಿಸುವ ಕೆಲಸ ಅರ್ಧ ಮುಗಿದಂತೆ. ಎಸಳು ಎಷ್ಟು, ಬಣ್ಣ ಯಾವುದು, ಗಿಡದ ಯಾವ ಭಾಗದಲ್ಲಿ ಬಂದಿದೆ ಎಂದು ನೋಡಿ.
- ಅಳತೆ. ಫೋಟೋದಲ್ಲಿ ಪಕ್ಕಕ್ಕೆ ಒಂದು ಪೆನ್ನು ಅಥವಾ ನಾಣ್ಯ ಇಡಿ. ಇಡೀ ಗಿಡದ ಒಂದು ಚಿತ್ರವೂ ಇರಲಿ.

ರುಚಿ ನೋಡಿ ಗುರುತಿಸುವ ಹಳೆಯ ಅಭ್ಯಾಸವನ್ನು ಅಪರಿಚಿತ ಗಿಡದ ಮೇಲೆ ಪ್ರಯೋಗಿಸಬೇಡಿ.

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ನೇರಳೆ ಗಿಡಗಳು

*ಟ್ರೇಡ್‌ಸ್ಕಾಂಶಿಯಾ ಬಳಗ.* ಹೆಸರು ಗೊತ್ತಿಲ್ಲ ಎಂದು ಜನ ತರುವ ಗಿಡಗಳಲ್ಲಿ ಈ ಬಳಗದವೇ ಹೆಚ್ಚು. ಇದರಲ್ಲಿ ಮೂರು ಮುಖ್ಯ. ಮೊದಲನೆಯದು ಪರ್ಪಲ್ ಹಾರ್ಟ್: ಕಾಂಡ, ಎಲೆ ಎಲ್ಲವೂ ಗಾಢ ನೇರಳೆ, ಉದ್ದನೆಯ ಎಲೆಯ ಬುಡ ಕಾಂಡವನ್ನು ಸುತ್ತಿಕೊಂಡಿರುತ್ತದೆ, ತುದಿಯಲ್ಲಿ ಮೂರೆಸಳಿನ ಪುಟ್ಟ ಗುಲಾಬಿ ಹೂ, ಕಾಂಡ ಮುಟ್ಟಿದರೆ ಪಟಕ್ಕನೆ ಮುರಿಯುತ್ತದೆ. ಮೂಲ ಮೆಕ್ಸಿಕೋ. ಎರಡನೆಯದರ ಎಲೆಯ ಮೇಲೆ ಎರಡು ಬೆಳ್ಳಿ ಪಟ್ಟೆ, ಅಡಿಯಲ್ಲಿ ನೇರಳೆ. ತೂಗುಕುಂಡದಿಂದ ಜೋತಾಡುವ ಇದನ್ನು ನರ್ಸರಿಯವರು ಝೆಬ್ರಿನಾ ಎನ್ನುತ್ತಾರೆ. ಮೂರನೆಯದು ರೋಯೋ: ಕತ್ತಿಯಂಥ ಗಡುಸು ಎಲೆಗಳು ಬುಡದಿಂದಲೇ ಗುಚ್ಛವಾಗಿ ಏಳುತ್ತವೆ, ಮೇಲೆ ಹಸಿರು, ಕೆಳಗೆ ನೇರಳೆ, ಬುಡದ ಹತ್ತಿರ ದೋಣಿಯಾಕಾರದ ಪುಟ್ಟ ತೊಟ್ಟಿಲೊಳಗೆ ಬಿಳಿ ಹೂ. ಈ ಮೂರರ ರಸದಿಂದ ಕೆಲವರ ಚರ್ಮಕ್ಕೆ ತುರಿಕೆ ಬರುತ್ತದೆ. ಎಲೆ ತಿಂದರೆ ಬಾಯಿ ಉರಿ, ಹೊಟ್ಟೆನೋವು ಬರಬಹುದು. ಒಂದು ಚೂರು ಎಲೆ ಜಗಿದ ಮಗುವಿಗೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿನ ತೊಂದರೆ ಆಗುವುದಿಲ್ಲ. ನಾಯಿಗಳ ಚರ್ಮದ ಮೇಲೂ ಕೆಂಪು ದದ್ದು ಏಳಬಹುದು.

*ನೇರಳೆ ಆಕ್ಸಾಲಿಸ್.* ಚಿಟ್ಟೆಯ ರೆಕ್ಕೆಯಂಥ ಮೂರು ತ್ರಿಕೋನ ಎಲೆಗಳು, ರಾತ್ರಿ ಕೊಡೆಯಂತೆ ಮಡಿಚಿಕೊಳ್ಳುತ್ತವೆ. ಹಿತ್ತಲಲ್ಲಿ ತಾನಾಗಿ ಹುಟ್ಟುವ ಮೂರೆಲೆಯ ಹುಳಿ ಸೊಪ್ಪಿನ ಹತ್ತಿರದ ಸಂಬಂಧಿ ಇದು. ಹುಳಿ ರುಚಿಗೆ ಕಾರಣ ಇದರಲ್ಲಿರುವ ಆಕ್ಸಾಲಿಕ್ ಆಮ್ಲ ಮತ್ತು ನೀರಿನಲ್ಲಿ ಕರಗುವ ಆಕ್ಸಲೇಟ್. ಒಂದೆರಡು ಎಲೆ ಬಾಯಿಗೆ ಹೋದರೆ ಆರೋಗ್ಯವಂತರಿಗೆ ಹೆಚ್ಚಿನ ಹಾನಿಯಿಲ್ಲ. ಆದರೆ ಕಿಡ್ನಿ ಕಾಯಿಲೆ ಇರುವವರು, ಕಿಡ್ನಿ ಕಲ್ಲು ಆಗಿದ್ದವರು ಇದನ್ನು ಚಟ್ನಿ, ಸಲಾಡ್, ರಸವಾಗಿ ಬಳಸಲೇಬಾರದು. ಇದೇ ಕುಟುಂಬಕ್ಕೆ ಸೇರಿದ ಬಿಂಬುಳಿ ಹಣ್ಣಿನ ರಸವನ್ನು ಕೊಲೆಸ್ಟರಾಲ್ ಇಳಿಯಲೆಂದು ಕುಡಿದ ಕೆಲವರಿಗೆ ಕೇರಳದಲ್ಲಿ ತೀವ್ರ ಕಿಡ್ನಿ ಹಾನಿಯಾದದ್ದು ವೈದ್ಯಕೀಯ ನಿಯತಕಾಲಿಕದಲ್ಲಿ ದಾಖಲಾಗಿದೆ. ಅಡುಗೆಗೆ ಒಂದೆರಡು ಹಾಕುವುದು ಬೇರೆ, ರಸ ಹಿಂಡಿ ಕುಡಿಯುವುದು ಬೇರೆ.

*ಕೆಸುವಿನ ಬಳಗ.* ಕಪ್ಪು ನೇರಳೆ ಎಲೆಯ ಕೆಸು, ಅಲೋಕೇಶಿಯಾ, ಕೆಲೇಡಿಯಂ, ಗುಲಾಬಿ ನೇರಳೆ ಬಣ್ಣದ ಸಿಂಗೋನಿಯಂ ಇದಕ್ಕೆ ಸೇರುತ್ತವೆ. ಬಾಣದ ತುದಿಯಂಥ ಅಥವಾ ಹೃದಯದಾಕಾರದ ಎಲೆ ಇದರ ಗುರುತು. ಪತ್ರೊಡೆ ಮಾಡಿದವರಿಗೆ ಇದರ ಗುಣ ಗೊತ್ತು: ಕೆಸುವಿನೆಲೆಗೆ ಹುಳಿ ಸಾಲದಿದ್ದರೆ, ಚೆನ್ನಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಬಾಯಿಯ ಒಳಪದರಕ್ಕೆ ಚುಚ್ಚುವುದೇ ಇದಕ್ಕೆ ಕಾರಣ. ಅಲಂಕಾರದ ಜಾತಿಗಳನ್ನು ಹಸಿಯಾಗಿ ಜಗಿದ ಕೂಡಲೇ ಉರಿ, ಜೊಲ್ಲು, ಊತ ಶುರುವಾಗುತ್ತದೆ. ಉರಿಯಿಂದಾಗಿ ಮಕ್ಕಳು ತಕ್ಷಣ ಉಗುಳಿಬಿಡುವುದರಿಂದ ಹೆಚ್ಚಾಗಿ ತಾನೇ ಶಮನವಾಗುತ್ತದೆ. ಆದರೂ ನಾಲಿಗೆ, ಗಂಟಲು ಊದಿದರೆ ಅದು ತುರ್ತು ಪರಿಸ್ಥಿತಿ.

*ಕೋಲಿಯಸ್.* ಹಲ್ಲಿನಂಥ ಅಂಚಿನ, ನೇರಳೆ ಮತ್ತು ಹಸಿರು ಬಣ್ಣ ಬೆರೆತ ಎಲೆ, ಚೌಕ ಕಾಂಡ. ದೊಡ್ಡಪತ್ರೆಯ ಬಂಧು, ಆದರೆ ಓಮದ ವಾಸನೆ ಇಲ್ಲ. ಮನುಷ್ಯರಿಗೆ ಅಪಾಯ ಕಡಿಮೆ. ಹಾಗೆಂದು ದೊಡ್ಡಪತ್ರೆಯ ಬದಲಿಗೆ ತಂಬುಳಿಗೆ ಹಾಕುವ ಗಿಡವೂ ಅಲ್ಲ.

*ಮುರಿಕೂಟಿ.* ಲೋಹದ ಹೊಳಪಿನ ಬೂದು ನೇರಳೆ ಎಲೆ, ಅಡಿಯಲ್ಲಿ ಗಾಢ ನೇರಳೆ, ನೆಲದ ಮೇಲೆ ಹರಡುತ್ತದೆ, ಪುಟ್ಟ ಬಿಳಿ ಹೂ. ಕೇರಳದಲ್ಲಿ ಗಾಯಕ್ಕೆ ಇದರ ಎಲೆ ಅರೆದು ಹಚ್ಚುವ ರೂಢಿ ಇದೆ. ಮಧುಮೇಹಿಗಳ ಕಾಲಿನ ಹುಣ್ಣಿಗೆ, ಹಾಸಿಗೆ ಹುಣ್ಣಿಗೆ ಯಾವ ಹಸಿ ಎಲೆಯನ್ನೂ ಅರೆದು ಹಚ್ಚಬೇಡಿ. ಕುಂಡದ ಮಣ್ಣಿನ ಸೂಕ್ಷ್ಮಜೀವಿಗಳು ನೇರವಾಗಿ ಗಾಯ ಸೇರುತ್ತವೆ, ಗಾಯದ ನಿಜವಾದ ಬಣ್ಣವೂ ವೈದ್ಯರಿಗೆ ಕಾಣದಂತಾಗುತ್ತದೆ.

*ಕೆಂಪು ನೇರಳೆ ಯುಫೋರ್ಬಿಯಾ.* ಇದನ್ನು ಮಾತ್ರ ನೆನಪಿಡಲೇಬೇಕು. ಕುಂಡದಲ್ಲೂ ಅಪಾರ್ಟ್‌ಮೆಂಟ್ ಆವರಣದಲ್ಲೂ ಬೆಳೆಸುವ ಪೊದೆ. ದ್ರಾಕ್ಷಾರಸದ ಬಣ್ಣದ ಅಂಡಾಕಾರದ ಎಲೆಗಳು, ಉದ್ದ ತೊಟ್ಟು, ಒಂದೊಂದು ಗೆಣ್ಣಿನಲ್ಲಿ ಮೂರು ಎಲೆ, ಮುರಿದರೆ ಬಿಳಿ ಹಾಲು. ಆ ಹಾಲು ಚರ್ಮದ ಮೇಲೆ ಗುಳ್ಳೆ ಎಬ್ಬಿಸುತ್ತದೆ, ಕಣ್ಣಿಗೆ ಬಿದ್ದರೆ ಕಾರ್ನಿಯಾಕ್ಕೆ ಹಾನಿ ಮಾಡುತ್ತದೆ, ಹೊಟ್ಟೆಗೆ ಹೋದರೆ ತೀವ್ರ ವಾಂತಿ ಭೇದಿ. ಸೊನೆ ಕಣ್ಣಿಗೆ ಸಿಡಿದಿದ್ದರೆ ತೊಳೆದ ನಂತರ ನೋವು ಕಡಿಮೆ ಅನ್ನಿಸಿದರೂ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ಮನೆಯಲ್ಲಿರುವ ಸ್ಟಿರಾಯ್ಡ್ ಹನಿಯನ್ನು ನೀವೇ ಹಾಕಬೇಡಿ.

ಕೆಂಪು ಹರಳು ಗಿಡವನ್ನೂ ಕೆಲವೆಡೆ ಅಂದಕ್ಕಾಗಿ ಬೆಳೆಸುತ್ತಾರೆ. ಅಂಗೈಯಂತೆ ಸೀಳಿದ ದೊಡ್ಡ ಎಲೆ, ಮುಳ್ಳುಮುಳ್ಳಾದ ಕಾಯಿ. ಇದರ ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. ಮಗು ಬೀಜ ಜಗಿದಿದ್ದರೆ, ಮೇಲುನೋಟಕ್ಕೆ ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಿ.

"ಇನ್ಸುಲಿನ್ ಗಿಡ" ಎಂದು ತಿನ್ನುವ ಮೊದಲು

ಮೇಲೆ ಹಸಿರು, ಅಡಿಯಲ್ಲಿ ತಿಳಿ ನೇರಳೆ ಇರುವ ಗಿಡ ಕಂಡರೆ "ಇದೇ ಇನ್ಸುಲಿನ್ ಗಿಡ" ಎಂದು ಹೇಳುವವರಿದ್ದಾರೆ. ನಮ್ಮಲ್ಲಿ ಆ ಹೆಸರು ಪಡೆದದ್ದು ಕಾಸ್ಟಸ್ ಜಾತಿಯ ಒಂದು ಗಿಡ. ಅದರ ಎಲೆಗಳು ಕಾಂಡದ ಸುತ್ತ ಸುರುಳಿ ಮೆಟ್ಟಿಲಿನಂತೆ ಏರುತ್ತವೆ, ಹೂವು ಕಿತ್ತಳೆ ಬಣ್ಣ. ಮೇಲೆ ಹೇಳಿದ ರೋಯೋ ಗಿಡದ ಎಲೆಯೂ ಮೇಲೆ ಹಸಿರು, ಕೆಳಗೆ ನೇರಳೆಯೇ. ಆದರೆ ಅದಕ್ಕೆ ಎದ್ದು ಕಾಣುವ ಕಾಂಡವಿಲ್ಲ, ಎಲೆ ಗುಚ್ಛವಾಗಿರುತ್ತದೆ. ಅಡಿಭಾಗ ನೇರಳೆಯಿರುವ ಕೆಲಾಥಿಯಾದಂಥ ಅಲಂಕಾರದ ಗಿಡಗಳೂ ಹಲವು. ಬರೀ ಅಡಿಭಾಗದ ಬಣ್ಣ ನೋಡಿ ತಿಂದರೆ ಯಾವುದನ್ನು ತಿಂದೆವೆಂದೇ ತಿಳಿಯುವುದಿಲ್ಲ.

ಗಿಡ ಸರಿಯಾದದ್ದೇ ಎಂದುಕೊಳ್ಳೋಣ. ಆದರೂ ಎರಡು ಅಪಾಯಗಳಿವೆ. ಈ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದರ ಬಗ್ಗೆ ನಡೆದ ಅಧ್ಯಯನಗಳಲ್ಲಿ ಹೆಚ್ಚಿನವು ಪ್ರಾಣಿಗಳ ಮೇಲಿನವು. ಇದನ್ನು ನಂಬಿ ಇನ್ಸುಲಿನ್ ಇಂಜೆಕ್ಷನ್ ನಿಲ್ಲಿಸಿದವರ ಸಕ್ಕರೆ ವಿಪರೀತ ಏರಿ ಜೀವಕ್ಕೇ ಕುತ್ತು ಬರಬಹುದು. ಟೈಪ್ 1 ಮಧುಮೇಹ ಇರುವ ಮಕ್ಕಳಲ್ಲಂತೂ ಒಂದೆರಡು ದಿನದಲ್ಲೇ ಹಾಗಾಗಬಹುದು. ಎರಡನೆಯ ಅಪಾಯ ಇದಕ್ಕೆ ತದ್ವಿರುದ್ಧ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಎಲೆಯನ್ನೂ ತಿಂದು, ಊಟ ತಡವಾದರೆ ಸಕ್ಕರೆ ಕೆಳಗಿಳಿಯಬಹುದು. ಬೆವರು, ನಡುಕ, ಏಕಾಏಕಿ ಹಸಿವು, ಗೊಂದಲದ ಮಾತು ಇದರ ಲಕ್ಷಣ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಂಬುಲೆನ್ಸ್ ಕರೆಯಿರಿ.

ನೀವು ಈಗಾಗಲೇ ಎಲೆ ತಿನ್ನುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. "ಬೈಯುತ್ತಾರೆ" ಎಂದು ಹೇಳದೇ ಇರುವವರು ಬಹಳ. ನೀವು ಹೇಳದಿದ್ದರೆ, ಸಕ್ಕರೆ ಏರಿಳಿದದ್ದು ಎಲೆಯಿಂದಲೋ ಮಾತ್ರೆಯಿಂದಲೋ ಅವರಿಗೆ ತಿಳಿಯದೆ ಡೋಸ್ ತಪ್ಪಾಗುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿನೊಕೌಮರಾಲ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಸೊಪ್ಪಿನ ರಸವನ್ನು ಹೊಸದಾಗಿ ಶುರುಮಾಡಿದರೆ ಅದರ ವಿಟಮಿನ್ ಕೆ ಮಾತ್ರೆಯ ಕೆಲಸವನ್ನು ಕುಗ್ಗಿಸಬಹುದು.

ಊರು ಬದಲಾದರೆ ಹೆಸರೂ ಬದಲು

ಹೊರರಾಜ್ಯದಲ್ಲಿರುವ ಕನ್ನಡಿಗರಿಗೆ ಇದು ದೊಡ್ಡ ತೊಡಕು. ನಮ್ಮ ದೊಡ್ಡಪತ್ರೆ ಪುಣೆಯಲ್ಲಿ ಓವ್ಯಾಚೆ ಪಾನ್, ಚೆನ್ನೈಯಲ್ಲಿ ಕರ್ಪೂರವಳ್ಳಿ, ಹೈದರಾಬಾದಿನಲ್ಲಿ ವಾಮು ಆಕು. ಇಷ್ಟಾದರೆ ತೊಂದರೆಯಿಲ್ಲ, ಗಿಡ ಒಂದೇ. ಒಂದೇ ಹೆಸರಿಗೆ ಹಲವು ಗಿಡ ಇದ್ದಾಗ ಕಷ್ಟ. ಹಿಂದಿಯಲ್ಲಿ ಪತ್ಥರ್‌ಚಟ್ಟಾ ಎಂದರೆ ಹಲವರಿಗೆ ಕಾಡು ಬಸಳೆ, ಅಂದರೆ ಎಲೆಯ ಅಂಚಿನಲ್ಲೇ ಮರಿಗಿಡ ಹುಟ್ಟುವ, ಬಿಸಿಲಲ್ಲಿ ಅಂಚು ನೇರಳೆಗೆ ತಿರುಗುವ ದಪ್ಪ ಎಲೆಯ ಗಿಡ. ಹೆಚ್ಚುಕಡಿಮೆ ಅದೇ ಹೆಸರನ್ನು ದೊಡ್ಡಪತ್ರೆ ಜಾತಿಯ ಗಿಡಗಳಿಗೂ ಹೇಳುತ್ತಾರೆ. ಕಿಡ್ನಿ ಕಲ್ಲಿಗೆ ಒಳ್ಳೆಯದು ಎಂದು ಎರಡನ್ನೂ ತಿನ್ನುವವರಿದ್ದಾರೆ. ಆದರೆ ಕಾಡು ಬಸಳೆಯ ಕುಲದಲ್ಲಿ ಹೃದಯದ ಮೇಲೆ ಡಿಗಾಕ್ಸಿನ್‌ನಂತೆ ಕೆಲಸ ಮಾಡುವ ವಸ್ತುಗಳಿವೆ. ಡಿಗಾಕ್ಸಿನ್ ಮಾತ್ರೆ ನುಂಗುವ ಹೃದ್ರೋಗಿಗೆ ಈ ಹೆಸರಿನ ಗೊಂದಲ ಚಿಕ್ಕದಲ್ಲ.

ಹೆಸರಿನ ಹೋಲಿಕೆ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಚೀನಾದಲ್ಲಿ ಉದಾಹರಣೆ ಇದೆ. ಅಲ್ಲಿ ಸಾನ್‌ಚಿ ಎಂಬುದು ಜಿನ್‌ಸೆಂಗ್ ಜಾತಿಯ ಹೆಸರುವಾಸಿ ಮೂಲಿಕೆ. ತುಸಾನ್‌ಚಿ ಎಂಬುದು ಗೈನುರಾ ಕುಲದ ಬೇರೆಯೇ ಗಿಡ. ಒಂದರ ಬದಲು ಇನ್ನೊಂದನ್ನು ಸೇವಿಸಿ ಯಕೃತ್ತಿನ ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋಗಿ ಸಾವುಗಳೂ ಸಂಭವಿಸಿವೆ. ನಮ್ಮ ನರ್ಸರಿಗಳಲ್ಲಿ ಸಿಗುವ, ಮೈತುಂಬ ನೇರಳೆ ರೋಮವಿರುವ, ಮಖಮಲ್ಲಿನಂಥ ಎಲೆಯ ಪರ್ಪಲ್ ವೆಲ್ವೆಟ್ ಗಿಡವೂ ಇದೇ ಗೈನುರಾ ಕುಲದ್ದು. ಅದೇ ಕುಲದ ಕೆಲವು ಜಾತಿಗಳನ್ನು ಸೊಪ್ಪಾಗಿ ತಿನ್ನುತ್ತಾರೆ, ಕೆಲವು ಯಕೃತ್ತಿಗೆ ವಿಷ. ಕುಲದ ಹೆಸರು ಸಿಕ್ಕರೆ ಸಾಲದು, ಜಾತಿಯೂ ತಿಳಿಯಬೇಕು ಎನ್ನುವುದು ಇದಕ್ಕೇ.

ಯಾರನ್ನು ಕೇಳಬೇಕು?

ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್‌ನಂಥ ಆ್ಯಪ್‌ಗಳು ಹುಡುಕಾಟ ಶುರುಮಾಡಲು ಒಳ್ಳೆಯವು. ಅವು ಕೊಡುವುದು ಊಹೆ. ಎರಡು ಮೂರು ಫೋಟೋ ಹಾಕಿ, ಬಂದ ಹೆಸರಿನ ಚಿತ್ರಗಳೊಂದಿಗೆ ಮೇಲಿನ ಆರು ಗುರುತುಗಳನ್ನು ನೀವೇ ತಾಳೆ ನೋಡಿ. ಕುಂಡವನ್ನು ಎಲ್ಲಿಡಬೇಕು ಎಂದು ತೀರ್ಮಾನಿಸಲು ಇಷ್ಟು ಸಾಕು. ತಿನ್ನಬಹುದೇ ಎಂದು ತೀರ್ಮಾನಿಸಲು ಖಂಡಿತ ಸಾಲದು.

ಖಚಿತ ಹೆಸರು ಬೇಕಿದ್ದರೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ ಅಥವಾ ಕೃಷಿ ವಿಶ್ವವಿದ್ಯಾಲಯವನ್ನು ಕೇಳಿ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ಪ್ರಾದೇಶಿಕ ಕೇಂದ್ರಗಳು ಪುಣೆ, ಹೈದರಾಬಾದ್, ಕೊಯಮತ್ತೂರುಗಳಲ್ಲಿವೆ. ಹೂವಿರುವ ಕೊಂಬೆ ಇದ್ದರೆ ಗುರುತಿಸುವುದು ಸುಲಭ. ಔಷಧ ಅಂಗಡಿಯಲ್ಲಿ ನಾವು ಗಿಡದ ಹೆಸರು ಹೇಳಲಾರೆವು, ಆದರೆ ಹೆಸರು ಸಿಕ್ಕ ಮೇಲೆ ನಿಮ್ಮ ಮಾತ್ರೆಗಳೊಂದಿಗೆ ಅದು ಹೊಂದುತ್ತದೆಯೇ ಎಂದು ನೋಡಿ ಹೇಳಬಲ್ಲೆವು.

ರೋಗಿ ಇರುವ ಮನೆಯಲ್ಲಿ

ಅಂಬೆಗಾಲಿಡುವ ಮಗು ಅಥವಾ ಮರೆವಿನ ಕಾಯಿಲೆ ಇರುವ ಹಿರಿಯರು ಮನೆಯಲ್ಲಿದ್ದರೆ ಹೆಸರು ತಿಳಿಯದ ಗಿಡವನ್ನು ಕೈಗೆಟುಕದ ಎತ್ತರದಲ್ಲಿಡಿ. ಮರೆವು ಇರುವವರು ಕೆಂಪು ಎಲೆಯನ್ನು ದಂಟಿನ ಸೊಪ್ಪೆಂದು ಕಿತ್ತು ಅಡುಗೆಮನೆಗೆ ತರುವುದುಂಟು. ಆದ್ದರಿಂದ ತುಳಸಿ, ದೊಡ್ಡಪತ್ರೆಯಂಥ ತಿನ್ನುವ ಗಿಡಗಳನ್ನೂ ಅಲಂಕಾರದ ಗಿಡಗಳನ್ನೂ ಬೇರೆ ಬೇರೆ ಕಡೆ ಇಡಿ. ಬಿಳಿ ಸೊನೆಯ ಗಿಡ ಇಂಥ ಮನೆಗೆ ಬೇಡ. ಕತ್ತರಿಸುವಾಗ ಕೈಗವಸು ಹಾಕಿ, ಆಮೇಲೆ ಕತ್ತರಿಯನ್ನೂ ತೊಳೆಯಿರಿ. ಕೀಮೋಥೆರಪಿ ಪಡೆಯುತ್ತಿರುವವರು ಕುಂಡದ ಮಣ್ಣು ಮುಟ್ಟುವ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಲಿ.

ಗುರುತು ಸಿಕ್ಕ ಗಿಡದ ಕುಂಡದ ಮೇಲೆ ಹೆಸರು ಬರೆದು ಅಂಟಿಸಿ. ಸ್ಥಳೀಯ ಹೆಸರಿನ ಜೊತೆ ಸಸ್ಯಶಾಸ್ತ್ರೀಯ ಹೆಸರನ್ನೂ ಬರೆಯಿರಿ. ಚೆನ್ನೈಯ ವೈದ್ಯರಿಗೂ ದೆಹಲಿಯ ವಿಷ ಮಾಹಿತಿ ಕೇಂದ್ರದವರಿಗೂ ಒಂದೇ ಬಾರಿಗೆ ಅರ್ಥವಾಗುವುದು ಆ ಎರಡನೆಯ ಹೆಸರು. 1800 116 117 ಸಂಖ್ಯೆಯನ್ನು ಇಂದೇ ಮನೆಯವರೆಲ್ಲರ ಫೋನಿನಲ್ಲಿ ಉಳಿಸಿಡಿ.

ಈ ಲೇಖನ ಸಾಮಾನ್ಯ ಮಾಹಿತಿಗಾಗಿ. ನಿಮ್ಮ ಔಷಧಗಳನ್ನು ಬದಲಿಸುವ ಅಥವಾ ನಿಲ್ಲಿಸುವ ಮೊದಲು ನಿಮ್ಮ ವೈದ್ಯರನ್ನು ಕೇಳಿ.